ಟ್ರ್ಯಾಕ್ ಹೋಯಿತು, ಬೀದಿಗೆ ಹೆಸರು ಬಂತು

ಪೂರ್ವ ಲಂಡನ್ನಿನ ಕಸ್ಟಮ್ ಹೌಸ್‌ನಲ್ಲಿ ವಿಲ್ಕಿನ್ಸನ್ ರಸ್ತೆ, ಅಟ್ಕಿನ್ಸನ್ ರಸ್ತೆ, ಕ್ರೂಮ್ಸ್ ರಸ್ತೆ, ಹಾಸ್ಕಿನ್ಸ್ ಕ್ಲೋಸ್ ಎಂಬ ಬೀದಿಗಳಿವೆ. ಹೊಸಬರು ಇವನ್ನು ಯಾರೋ ಹಳೆಯ ಕೌನ್ಸಿಲರುಗಳ ಹೆಸರೆಂದುಕೊಂಡರೆ ತಪ್ಪೇನಿಲ್ಲ. ಬ್ಲೂಯಿ ವಿಲ್ಕಿನ್ಸನ್ 1938ರಲ್ಲಿ, ಕಾಲರ್ ಬೋನ್ ಮುರಿದಿದ್ದರೂ ವೆಂಬ್ಲಿಯಲ್ಲಿ ಬೈಕು ಓಡಿಸಿ ಸ್ಪೀಡ್‌ವೇ ವಿಶ್ವ ಚಾಂಪಿಯನ್ ಆದ ಆಸ್ಟ್ರೇಲಿಯದವನು. ಜಾನಿ ಹಾಸ್ಕಿನ್ಸ್ ಈ ಆಟಕ್ಕೆ ಜನ ಸೇರಿಸುವುದರಲ್ಲಿ ಪಳಗಿದ್ದ ನ್ಯೂಜಿಲೆಂಡಿನ ಸಂಘಟಕ. ಈ ಬೀದಿಗಳಿರುವ ನೆಲದಲ್ಲಿ 1928ರಿಂದ ವೆಸ್ಟ್ ಹ್ಯಾಮ್ ಸ್ಟೇಡಿಯಂ ಇತ್ತು. 1972ರಲ್ಲಿ ಅದನ್ನು ಕೆಡವಿ ಮನೆ ಕಟ್ಟಿದರು. ಬ್ರಿಟನ್ನಿನಲ್ಲಿ ಮುಚ್ಚಿಹೋದ ಸ್ಪೀಡ್‌ವೇ ಟ್ರ್ಯಾಕುಗಳ ಪೈಕಿ ಇಷ್ಟು ಮರ್ಯಾದೆ ಸಿಕ್ಕಿದ್ದು ಕೆಲವಕ್ಕೆ ಮಾತ್ರ. ಆದರೂ ಇದನ್ನು ಮರ್ಯಾದೆ ಎನ್ನಲು ಮನಸ್ಸು ಒಪ್ಪುವುದಿಲ್ಲ. ಮೈದಾನ ಉಳಿಸುವ ಖರ್ಚಿನ ಮುಂದೆ ನಾಮಫಲಕದ ಖರ್ಚು ಯಾವ ಲೆಕ್ಕ?

ಆಟ ಸರಳ. 500 ಸಿಸಿ ಬೈಕು, ಒಂದೇ ಗೇರು, ಬ್ರೇಕೇ ಇಲ್ಲ, ಇಂಧನ ಮೆಥನಾಲ್. ನಾಲ್ವರು ಸವಾರರು ಅಂಡಾಕಾರದ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆಯಬೇಕು. ನೆಲಕ್ಕೆ ಶೇಲ್ ಕಲ್ಲಿನ ಪುಡಿ ಹಾಸಿರುತ್ತಾರೆ. ತಿರುವಿನಲ್ಲಿ ಹಿಂದಿನ ಚಕ್ರ ಪಕ್ಕಕ್ಕೆ ಜಾರುತ್ತದೆ, ಸವಾರ ಎಡಗಾಲಿನ ಬೂಟಿಗೆ ಕಟ್ಟಿದ ಉಕ್ಕಿನ ತಗಡನ್ನು ನೆಲಕ್ಕೆ ಉಜ್ಜುತ್ತಾ ಸಾಗುತ್ತಾನೆ, ಮುಂದಿನ ಸಾಲಿನಲ್ಲಿ ಕೂತವರ ಮೈಮೇಲೆ ಶೇಲ್ ಎರಚುತ್ತದೆ. ಒಂದು ಓಟ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿದೇ ಹೋಗುತ್ತದೆ. 1928ರ ಫೆಬ್ರವರಿ 19ರಂದು ಎಪ್ಪಿಂಗ್ ಕಾಡಿನ ಹೈ ಬೀಚ್‌ನಲ್ಲಿ, ಕಿಂಗ್ಸ್ ಓಕ್ ಎಂಬ ಪಬ್ಬಿನ ಹಿಂದೆ ಇದನ್ನು ನಡೆಸಿದಾಗ, ಸಂಘಟಕರ ಅಂದಾಜನ್ನೆಲ್ಲ ಮೀರಿ ಜನ ನುಗ್ಗಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಂತೂ ಪ್ರೇಕ್ಷಕರ ಲೆಕ್ಕದಲ್ಲಿ ಫುಟ್‌ಬಾಲಿನ ಬೆನ್ನಿಗೇ ಈ ಆಟ ನಿಂತಿತ್ತು.

ಹಾಗಿದ್ದೂ ಟ್ರ್ಯಾಕುಗಳು ಯಾಕೆ ಉಳಿಯಲಿಲ್ಲ? ಮನರಂಜನಾ ತೆರಿಗೆ, ಮನೆಮನೆಗೆ ಬಂದ ಟೀವಿ ಎಂದು ಕಾರಣಗಳನ್ನು ಹೇಳುವುದುಂಟು. ಅವು ಸುಳ್ಳಲ್ಲ. ಆದರೆ ಬುಡದ ತೊಂದರೆ ಬೇರೆ. ಹೆಚ್ಚಿನ ಕ್ಲಬ್ಬುಗಳಿಗೆ ಸ್ವಂತ ನೆಲವೇ ಇರಲಿಲ್ಲ; ಗ್ರೇಹೌಂಡ್ ನಾಯಿ ಓಟದ ಸ್ಟೇಡಿಯಮ್ಮುಗಳಲ್ಲಿ ವಾರಕ್ಕೊಂದು ಸಂಜೆಯ ಬಾಡಿಗೆದಾರರಾಗಿದ್ದವು. 1961ರಲ್ಲಿ ಬೀದಿಬೀದಿಯಲ್ಲಿ ಬೆಟ್ಟಿಂಗ್ ಅಂಗಡಿ ತೆರೆಯಲು ಕಾನೂನು ಒಪ್ಪಿತು. ಬಾಜಿ ಕಟ್ಟಲು ಸ್ಟೇಡಿಯಮ್ಮಿಗೇ ಹೋಗಬೇಕೆಂಬ ಕಟ್ಟು ಇಲ್ಲವಾಗಿ ನಾಯಿ ಓಟದ ಗಲ್ಲಾಪೆಟ್ಟಿಗೆ ಬರಿದಾಗತೊಡಗಿತು. ಊರ ನಡುವಿನ ಅಷ್ಟಗಲ ಜಾಗ ಓಟಕ್ಕಿಂತ ಸೈಟಾಗಿಯೇ ಹೆಚ್ಚು ಬಾಳುತ್ತದೆ ಎಂಬ ಲೆಕ್ಕ ಮಾಲೀಕರಿಗೆ ಹೊಳೆಯದೇ ಇರುತ್ತದೆಯೇ? ಮಾರುವ ನಿರ್ಧಾರ ಮೇಲೆ ಆಗುತ್ತಿತ್ತು, ಬೈಕಿನವರಿಗೆ ಸುದ್ದಿ ಆಮೇಲೆ ಸಿಗುತ್ತಿತ್ತು.

ಉಳಿದ ಜಾಗಗಳ ಗತಿ ಬಗೆಬಗೆ. ಗ್ಲಾಸ್ಗೋದ ವೈಟ್ ಸಿಟಿಯ ಮೇಲೆ ಈಗ ಎಂ8 ಹೆದ್ದಾರಿ ಹಾದುಹೋಗುತ್ತದೆ. ಲಂಡನ್ನಿನ ಹ್ಯಾಕ್ನಿ ವಿಕ್‌ನಲ್ಲಿ 1995ರಲ್ಲಿ ಬ್ರಿಟಿಷ್ ಗ್ರ್ಯಾಂಡ್ ಪ್ರಿ ನಡೆದಿತ್ತು; ಅದೇ ಜಾಗದಲ್ಲಿ 2012ರ ಒಲಿಂಪಿಕ್ಸಿಗೆ ಮಾಧ್ಯಮ ಕೇಂದ್ರ ಎದ್ದಿತು. ಕ್ರೀಡೆಯ ಹೆಸರಿನಲ್ಲೇ ಒಂದು ಕ್ರೀಡಾಂಗಣದ ಗುರುತು ಅಳಿದದ್ದು ಹೀಗೆ. ತಿರುವಿನ ಸುತ್ತ ಉಕ್ಕಿನ ತಗಡಿನ ಗೋಡೆಯಿದ್ದು, ಹೊರಗಿನಿಂದ ಬಂದ ಸವಾರರನ್ನು ನಡುಗಿಸುತ್ತಿದ್ದ ಎಕ್ಸಿಟರಿನ ಕೌಂಟಿ ಗ್ರೌಂಡ್ 2005ರಲ್ಲಿ ಮುಚ್ಚಿತು, ಈಗ ಅಲ್ಲಿ ಮನೆಗಳಿವೆ. ವಿಂಬಲ್ಡನ್ನಿನ ಪ್ಲೌ ಲೇನ್‌ನದು ಸ್ವಲ್ಪ ತೊಡಕಿನ ಕತೆ. ಅಲ್ಲಿ ಎಎಫ್‌ಸಿ ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ 2020ರಲ್ಲಿ ತನ್ನ ಊರಿಗೆ ಮರಳಿ ಹೊಸ ಸ್ಟೇಡಿಯಂ ಕಟ್ಟಿಕೊಂಡಿತು. ಅದು ಅಭಿಮಾನಿಗಳೇ ನಡೆಸುವ ಕ್ಲಬ್ಬು, ಅದರ ಗೆಲುವನ್ನು ಮೆಚ್ಚಲೇಬೇಕು. ಆದರೆ ಅದಕ್ಕಾಗಿ ಕೆಡವಿದ್ದು ನಾಯಿಗಳೂ ಬೈಕುಗಳೂ ದಶಕಗಳ ಕಾಲ ಓಡಿದ ಸ್ಟೇಡಿಯಂ ಎಂಬುದನ್ನು ಸಂಭ್ರಮದಲ್ಲಿ ನೆನೆದವರು ಕಡಿಮೆ.

ಮ್ಯಾಂಚೆಸ್ಟರಿನ ಬೆಲ್ ವ್ಯೂ ಇವೆಲ್ಲಕ್ಕೂ ಅಪವಾದ, ಹಾಗಾಗಿ ಅಲ್ಲಿ ತುಸು ನಿಲ್ಲಬೇಕು. ಹೈಡ್ ರೋಡಿನ ಅದರ ಹಳೆಯ ಟ್ರ್ಯಾಕ್ ಬಲು ವೇಗದ್ದೆಂದು ಹೆಸರಾಗಿತ್ತು. 1955 ಮತ್ತು 1962ರ ವಿಶ್ವ ಚಾಂಪಿಯನ್, 1963ರಲ್ಲಿ ಎಡಿನ್‌ಬರೋದಲ್ಲಿ ಬಿದ್ದು ಪ್ರಾಣ ಬಿಟ್ಟ ಪೀಟರ್ ಕ್ರೇವನ್ ಈ ಕ್ಲಬ್ಬಿನವನೇ. 1987ರಲ್ಲಿ ಹೈಡ್ ರೋಡ್ ಮಾರಾಟವಾಗಿ ಕಾರು ಹರಾಜಿನ ಅಂಗಳವಾಯಿತು. ಕ್ಲಬ್ಬು ಪಕ್ಕದ ನಾಯಿ ಓಟದ ಸ್ಟೇಡಿಯಮ್ಮಿನಲ್ಲಿ ದಿನ ನೂಕಿತು. ಕೊನೆಗೆ ನಗರಸಭೆ ಮುಂದೆ ಬಂದು ಸ್ಪೀಡ್‌ವೇಗಾಗಿಯೇ ಹೊಸ ಸ್ಟೇಡಿಯಂ ಕಟ್ಟಿಸಿತು. 2016ರ ಮಾರ್ಚಿನಲ್ಲಿ ಕ್ರೇವನ್ ಸ್ಮಾರಕ ಪಂದ್ಯದಿಂದಲೇ ಉದ್ಘಾಟನೆ. ಜನ ಬಂದು ಕೂತಿದ್ದರು. ಆದರೆ ಟ್ರ್ಯಾಕಿನ ನೆಲ ಓಟಕ್ಕೆ ಯೋಗ್ಯವಾಗಿಲ್ಲವೆಂದು ಪಂದ್ಯವೇ ರದ್ದಾಯಿತು. ಗ್ಯಾಲರಿ ಹೊಸದು, ದೀಪ ಹೊಸದು, ತಿರುವಿನಲ್ಲಿ ಶೇಲ್ ಮಾತ್ರ ಹದಕ್ಕೆ ಬಂದಿರಲಿಲ್ಲ. ಹಳೆಯ ಟ್ರ್ಯಾಕ್ ಮುಚ್ಚಿದಾಗ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ನೀರೆಷ್ಟು ಬಿಡಬೇಕು, ಎಲ್ಲಿ ಗಟ್ಟಿ ಮಾಡಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ವರ್ಷಗಟ್ಟಲೆ ಒಂದೇ ನೆಲದ ಮೇಲೆ ದುಡಿದವರ ಕೈಗೆ ಹತ್ತಿದ ವಿದ್ಯೆ. ಅಷ್ಟಾದರೂ ನಗರಸಭೆ ಮಾಡಿದ್ದು ಸರಿ. ಟ್ರ್ಯಾಕನ್ನು ನಂತರ ಸರಿಪಡಿಸಿಕೊಂಡರು; ಸ್ಟೇಡಿಯಮ್ಮೇ ಇಲ್ಲದಿದ್ದರೆ ಸರಿಪಡಿಸಲು ಇರುತ್ತಿದ್ದುದಾದರೂ ಏನು?

ಕೊವೆಂಟ್ರಿಯ ಬ್ರಾಂಡನ್ ಸ್ಟೇಡಿಯಮ್ಮಿನಲ್ಲಿ ಆದದ್ದು ಇದರ ತಿರುವುಮುರುವು. 1928ರಲ್ಲಿ ಶುರುವಾದ ಬೈಕು ಓಟ 2016ಕ್ಕೆ ನಿಂತಿತು, ಜಾಗ ಡೆವಲಪರ್ ಕೈ ಸೇರಿತು. ಬೀಗ ಬಿದ್ದ ಸ್ಟೇಡಿಯಮ್ಮಿಗೆ ಬೆಂಕಿ ಬಿತ್ತು, ಕಟ್ಟಡ ಪಾಳುಬಿತ್ತು. 124 ಮನೆಗಳನ್ನೂ ಒಂದು ಕೃತಕ ಹುಲ್ಲಿನ ಮೈದಾನವನ್ನೂ ಕಟ್ಟುವ ಯೋಜನೆಯನ್ನು ರಗ್ಬಿ ಬರೋ ಕೌನ್ಸಿಲ್ 2022ರಲ್ಲಿ ತಿರಸ್ಕರಿಸಿತು. ಮೇಲ್ಮನವಿಯೂ ವಜಾ ಆಯಿತು. ಬೀದಿಗಿಳಿದು ಹೋರಾಡಿದ ಅಭಿಮಾನಿಗಳಿಗೆ ಇದು ದೊಡ್ಡ ಗೆಲುವೇ. ಮನೆ ಕಟ್ಟುವುದಕ್ಕೆ ಕಾನೂನು ಅಡ್ಡ ಬಂತು, ಬೈಕು ಓಡಿಸಿ ಎಂದು ಮಾಲೀಕನಿಗೆ ಹೇಳುವ ಬಲ ಮಾತ್ರ ಅದಕ್ಕಿಲ್ಲ. ಆಟ ನಡೆಯದ ಆಟದ ಮೈದಾನವೆಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಬಹುದು, ಅಷ್ಟೆ.

ಆಕ್ಸ್‌ಫರ್ಡಿನ ಕೌಲಿಯಲ್ಲಿ ಇನ್ನೊಂದು ದಾರಿ ತೆರೆದುಕೊಂಡಿತು. ಅಲ್ಲಿ 2007ರಲ್ಲಿ ಸ್ಪೀಡ್‌ವೇ, 2012ರ ಕೊನೆಗೆ ನಾಯಿ ಓಟ ನಿಂತಿದ್ದವು. ಸುಮಾರು 220 ಮನೆಗಳ ನಕ್ಷೆ ಸಿದ್ಧವಾಗಿತ್ತು. ನಗರಸಭೆ ಆ ಜಾಗವನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು, ಮನೆಗಳಿಗೆ ಒಪ್ಪಿಗೆ ಕೊಡಲಿಲ್ಲ. ಖಾಲಿ ಬಿದ್ದ ಸ್ಟೇಡಿಯಮ್ಮಿನಲ್ಲಿ ಪೊದೆ ಬೆಳೆಯಿತು. ಕೊನೆಗೆ ಒಬ್ಬ ಸಂಘಟಕ ಅದನ್ನು ಗುತ್ತಿಗೆಗೆ ಪಡೆದು, ರಿಪೇರಿ ಮಾಡಿಸಿ, 2022ರಲ್ಲಿ ಬೈಕುಗಳನ್ನು ಮತ್ತೆ ಇಳಿಸಿದ. ಹದಿನೈದು ವರ್ಷ ಕಾದ ಅಭಿಮಾನಿಗಳು ಮತ್ತೆ ಟಿಕೆಟ್ ಕೊಂಡರು. ಗುತ್ತಿಗೆ ಕೊಟ್ಟದ್ದು ಅಲ್ಲಿ ಮನೆ ಕಟ್ಟಲು ಹೊರಟಿದ್ದ ಅದೇ ಕಂಪನಿ. ಕ್ಲಬ್ಬು ಮರಳಿ ಬಂದದ್ದೂ ಬಾಡಿಗೆದಾರನಾಗಿಯೇ.