ಸಂಗ್ಯಾನ ಆತುರ, ಬಾಳ್ಯಾನ ದ್ರೋಹ: ಸಣ್ಣಾಟದಲ್ಲಿ ದುರಂತದ ಸ್ವರೂಪ

ಉತ್ತರ ಕರ್ನಾಟಕದ ದೊಡ್ಡಾಟ ಮತ್ತು ಸಣ್ಣಾಟಗಳ ನಡುವಣ ವ್ಯತ್ಯಾಸವನ್ನು ಸಾಮಾನ್ಯವಾಗಿ ವಸ್ತು, ವೇಷಭೂಷಣ, ಕುಣಿತಗಳ ನೆಲೆಯಲ್ಲಿ ಗುರುತಿಸಲಾಗುತ್ತದೆ. ನಾಯಕನ ಪತನವನ್ನು ಈ ಪ್ರಕಾರಗಳು ಹೇಗೆ ಗ್ರಹಿಸುತ್ತವೆ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. ಪುರಾಣದ ಕೀಚಕ ಪರಸತಿಯನ್ನು ಬಯಸಿ ಭೀಮನಿಂದ ಹತನಾದಾಗ ಅದು ಧರ್ಮದ ಗೆಲುವೆನಿಸುತ್ತದೆ. ಅದೇ ಬಯಕೆಯಿಂದ ಸಂಗ್ಯಾ ಹತನಾದಾಗ ಪ್ರೇಕ್ಷಕನಲ್ಲಿ ಅಂಥ ನೆಮ್ಮದಿ ಉಳಿಯುವುದಿಲ್ಲ. ಈ ಅಸಮಾಧಾನದಲ್ಲಿಯೇ ಸಣ್ಣಾಟದ ದುರಂತಪ್ರಜ್ಞೆ ಅಡಗಿದೆ.

ಪತ್ತಾರ ಮಾಸ್ತರರ ಹೆಸರಿನೊಂದಿಗೆ ಗುರುತಿಸಲಾಗುವ, ಚಂದ್ರಶೇಖರ ಕಂಬಾರರ ಮೂಲಕ ಶಿಷ್ಟ ಓದುಗರಿಗೂ ಪರಿಚಿತವಾದ ‘ಸಂಗ್ಯಾ ಬಾಳ್ಯಾ’ ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ ನಡೆದ ಘಟನೆಯನ್ನು ಆಧರಿಸಿದುದೆಂಬ ನಂಬಿಕೆಯಿದೆ. ಈರಣ್ಣನ ಮಡದಿ ಗಂಗಿಯನ್ನು ಕಂಡು ಸಂಗ್ಯಾ ಮರುಳಾಗುತ್ತಾನೆ. ಗೆಳೆಯ ಬಾಳ್ಯಾನ ನೆರವು ಬೇಡುತ್ತಾನೆ. ಸಂಬಂಧ ಬಯಲಾದ ಮೇಲೆ ಈರಣ್ಣ ಮತ್ತು ಅವನ ಸೋದರರು ಬಾಳ್ಯಾನನ್ನೇ ಒಲಿಸಿಕೊಂಡು ಸಂಗ್ಯಾನನ್ನು ಕೊಲ್ಲುತ್ತಾರೆ.

ಕಥೆಯನ್ನು ಹಾದರಕ್ಕೆ ದೊರೆತ ಶಿಕ್ಷೆಯೆಂದು ಓದುವುದು ಸುಲಭ. ಆದರೆ ಆಟದ ಹೆಸರೇ ಈ ಓದಿಗೆ ಅಡ್ಡಿಯಾಗುತ್ತದೆ. ಪ್ರಣಯವೇ ಕೇಂದ್ರವಾಗಿದ್ದರೆ ಸಂಗ್ಯಾನ ಹೆಸರಿನೊಡನೆ ಗಂಗಿಯ ಹೆಸರು ಸೇರಬೇಕಿತ್ತು. ಜನಪದ ಸೇರಿಸಿದ್ದು ಬಾಳ್ಯಾನ ಹೆಸರನ್ನು. ಆದುದರಿಂದ ಇದು ಮೂಲತಃ ಗೆಳೆತನದ ದುರಂತ. ಒಂದು ಮನೆತನದ ನಂಬಿಕೆಯನ್ನು ಮುರಿಯಲು ಸಂಗ್ಯಾ ಗೆಳೆತನವನ್ನು ಸಾಧನವಾಗಿಸಿಕೊಂಡ. ಅದೇ ಸಾಧನ ಮತ್ತೊಬ್ಬರ ಕೈ ಸೇರಿ ಅವನನ್ನೇ ಕೊಂದಿತು. ದುಡುಕಿನ ಫಲ ಹೊರಗಿನಿಂದ ಬಂದ ದಂಡನೆಯಲ್ಲ, ಅವನೇ ಬಿತ್ತಿದ ಬೆಳೆ.

ದುರಂತ ನಾಯಕ ಪರಮ ಸಜ್ಜನನೂ ಅಲ್ಲದ, ಕೇವಲ ದುಷ್ಟನೂ ಅಲ್ಲದ, ಯಾವುದೋ ಪ್ರಮಾದದಿಂದ ಕೆಡುವ ವ್ಯಕ್ತಿಯೆಂದು ಅರಿಸ್ಟಾಟಲ್ ಹೇಳಿದ್ದಾನೆ. ಸಂಗ್ಯಾ ಈ ಮಾತಿಗೆ ಬಹುಮಟ್ಟಿಗೆ ಹೊಂದುತ್ತಾನೆ. ಆದರೆ ಅರಿಸ್ಟಾಟಲನ ನಾಯಕ ಖ್ಯಾತ ಮನೆತನದವನು. ಸಂಗ್ಯಾ ಪ್ರೇಕ್ಷಕರ ಓಣಿಯವನು. ಇಲ್ಲಿ ರಾಜ್ಯವೊಂದು ಉರುಳುವುದಿಲ್ಲ, ಊರಿನ ಬಾಳು ಬಿರುಕು ಬಿಡುತ್ತದೆ. ಕೊಂದವರ ಕೈಯೂ ಶುದ್ಧವಾಗಿ ಉಳಿಯುವುದಿಲ್ಲ. ಮನೆತನದ ಮಾನ ಉಳಿಸಹೊರಟ ಈರಣ್ಣನೂ ಇನ್ನೊಂದು ದುಡುಕಿಗೆ ಒಳಗಾಗುತ್ತಾನೆ.

ಪ್ರದರ್ಶನದ ರಚನೆಯೂ ಈ ಅರ್ಥಕ್ಕೆ ಪೋಷಕವಾಗಿದೆ. ಪಾತ್ರಧಾರಿ ಹಾಡಿದ ನುಡಿಯನ್ನು ಹಿಮ್ಮೇಳ ಎತ್ತಿಕೊಂಡು ಮರಳಿ ಹಾಡುತ್ತದೆ. ಸಂಗ್ಯಾನ ಮೋಹವೂ ಈರಣ್ಣನ ಸಂಕಟವೂ ಒಂದೇ ಮೇಳದ ಕಂಠದಲ್ಲಿ ಮರುದನಿಗೊಳ್ಳುತ್ತವೆ. ಹೀಗೆ ಸಮುದಾಯ ಯಾರೊಬ್ಬರ ಪಕ್ಷವನ್ನೂ ವಹಿಸದೆ ಎಲ್ಲರ ಅಳಲನ್ನೂ ತನ್ನದಾಗಿಸಿಕೊಳ್ಳುತ್ತದೆ. ನೀತಿಬೋಧೆಯಷ್ಟೇ ಉದ್ದೇಶವಾಗಿದ್ದರೆ ತಪ್ಪಿತಸ್ಥನ ದನಿಗೆ ಇಷ್ಟು ಇಂಪಿನ ಅಗತ್ಯವಿರಲಿಲ್ಲ.

ಆದರೂ ಈ ಉದಾರತೆಗೆ ಒಂದು ಮಿತಿಯಿದೆ. ಗಂಡಸರ ಮೂರು ದುಡುಕುಗಳ ನಡುವೆ ಸಿಕ್ಕ ಗಂಗಿಯ ಮುಂದಿನ ಬದುಕೇನು ಎಂಬುದನ್ನು ಆಟ ತನ್ನ ಕೇಂದ್ರಕ್ಕೆ ತಂದುಕೊಳ್ಳುವುದಿಲ್ಲ. ಸಂಗ್ಯಾನ ಸಾವಿಗೆ ಮರುಗುವ ಪ್ರೇಕ್ಷಕ, ಬದುಕಿ ಉಳಿದವಳ ಪಾಡನ್ನು ತಾನೇ ಊಹಿಸಿಕೊಳ್ಳಬೇಕಾಗುತ್ತದೆ. ಸಣ್ಣಾಟದ ದುರಂತವನ್ನು ಕುರಿತ ಮುಂದಿನ ಅಧ್ಯಯನಗಳು ಹೊರಡಬೇಕಾದುದು ಈ ಮೌನದಿಂದ. ದುಡುಕಿನ ಪರಿಣಾಮ ಸತ್ತವನೊಂದಿಗೆ ಮುಗಿಯುವುದಿಲ್ಲವೆಂಬ ಅರಿವು ಆಟದೊಳಗೇ ಇದೆ. ಅದನ್ನು ವಿಮರ್ಶೆ ಹೊರತರಬೇಕಾಗಿದೆ.