ಮಿದುಳಿನ ಪುಸ್ತಕ, ಮಿದುಳಿನ ಬ್ಯಾಂಕು

ನರವಿಜ್ಞಾನಿ ಡಿಕ್ ಸ್ವಾಬ್ ನೆದರ್‌ಲ್ಯಾಂಡ್ಸ್‌ನಲ್ಲಿ ಮನೆಮಾತಾದದ್ದು 2010ರ ‘ವೈ ಝೈನ್ ಒನ್ಸ್ ಬ್ರೈನ್’ ಪುಸ್ತಕದಿಂದ. ‘ನಮ್ಮ ಮಿದುಳೇ ನಾವು’ ಎಂದು ಅದರ ಅರ್ಥ. ನಮ್ಮ ಸ್ವಭಾವ, ಲೈಂಗಿಕ ಒಲವು, ಲಿಂಗಭಾವಗಳು ಬಹುಮಟ್ಟಿಗೆ ಗರ್ಭದಲ್ಲೇ ನಿರ್ಧಾರವಾಗುತ್ತವೆ, ಸ್ವತಂತ್ರ ಇಚ್ಛೆ ಭ್ರಮೆ ಎನ್ನುತ್ತಾರೆ ಅವರು. ಹಣೆಬರಹದ ಮಾತು ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಬರೆಯುವುದು ಬ್ರಹ್ಮನಲ್ಲ, ಹಾರ್ಮೋನು, ಅಷ್ಟೆ.

ಈ ವಾದದಿಂದ ಉಪಕಾರವೂ ಆಗಿದೆ. ಸಲಿಂಗಿಗಳ, ಲಿಂಗಾಂತರಿಗಳ ಹೆತ್ತವರನ್ನು ‘ನೀವು ಸಾಕಿದ ರೀತಿಯೇ ಸರಿಯಿಲ್ಲ’ ಎಂದು ದೂರುವವರ ಬಾಯಿ ಅದು ಮುಚ್ಚಿಸುತ್ತದೆ. ಆದರೆ ಲೆಕ್ಕಪರಿಶೋಧಕ ವೋಚರು ಕೇಳಲೇಬೇಕು. 1995ರಲ್ಲಿ ‘ನೇಚರ್’ನಲ್ಲಿ ಬಂದ ಸ್ವಾಬ್ ತಂಡದ ಹೆಸರಾಂತ ಪ್ರಬಂಧ ನಿಂತಿರುವುದು ಆರು ಲಿಂಗಾಂತರಿ ಮಹಿಳೆಯರ ಮಿದುಳುಗಳ ಮೇಲೆ. ಅಲ್ಲಿ ಅಳೆದ ಮಿದುಳಿನ ಭಾಗದಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಸ್ಪಷ್ಟವಾಗುವುದು ಪ್ರಾಯಕ್ಕೆ ಬಂದ ಮೇಲೆಯೇ ಎಂದು 2002ರಲ್ಲಿ ತೋರಿಸಿದ ಪ್ರಬಂಧಕ್ಕೂ ಸ್ವಾಬ್ ಸಹಲೇಖಕರು. ಇಷ್ಟಾದರೂ ಪುಸ್ತಕದ ದನಿಯಲ್ಲಿ ಅನುಮಾನಕ್ಕೆ ಎಡೆ ಕಡಿಮೆ.

ಅವರ ನಿಜವಾದ ಆಸ್ತಿ 1985ರಲ್ಲಿ ಕಟ್ಟಿದ ನೆದರ್‌ಲ್ಯಾಂಡ್ಸ್ ಬ್ರೈನ್ ಬ್ಯಾಂಕ್. ಬದುಕಿದ್ದಾಗಲೇ ಒಪ್ಪಿಗೆ ಕೊಟ್ಟವರ ಮಿದುಳನ್ನು ಸತ್ತ ಕೆಲವೇ ಗಂಟೆಗಳಲ್ಲಿ ತೆಗೆದು, ರೋಗದ ವಿವರದೊಡನೆ ದೇಶವಿದೇಶದ ಸಂಶೋಧಕರಿಗೆ ಅದು ಒದಗಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ 1995ರಿಂದ ಇಂಥ ಬ್ಯಾಂಕಿದೆ.

ವಿದ್ವಾಂಸರ ಪ್ರಭಾವವನ್ನು ಉಲ್ಲೇಖಗಳ ಎಣಿಕೆಯಿಂದ ಅಳೆಯುವುದು ಈಗಿನ ರೂಢಿ. ಅದು ವರ್ಷದ ವಹಿವಾಟು ಮಾತ್ರ. ಸ್ವಾಬ್ ಅವರ ತೀರ್ಮಾನ ತಪ್ಪೆಂದು ನಾಳೆ ಯಾರಾದರೂ ತೋರಿಸಿದರೆ, ಅದಕ್ಕೆ ಬೇಕಾದ ಸಾಕ್ಷ್ಯ ಅವರೇ ಕಟ್ಟಿದ ಬ್ಯಾಂಕಿನಿಂದ ಬಂದೀತು. ಪುಸ್ತಕಕ್ಕಿಂತ ಹೆಚ್ಚು ಕಾಲ ಬಾಳುವುದು ಆ ಬಂಡವಾಳವೇ.