ಸಲಕರಣೆ ಬರೆಸುವ ಬರಹ

ಬರೆಯುವ ಸಲಕರಣೆ ಬರಹವನ್ನೇ ಬದಲಿಸುತ್ತದೆಯೇ ಎಂಬುದು ಸಾಹಿತ್ಯದವರಿಗೆ ಹಳೆಯ ಪ್ರಶ್ನೆ. ಅದನ್ನು ಪ್ರೋಗ್ರಾಮರುಗಳ ನಡುವೆ ನಿಂತು ಗಂಭೀರವಾಗಿ ಕೇಳಿದವರಲ್ಲಿ ಚಾರ್ಲ್ಸ್ ಪೆಟ್‌ಜೋಲ್ಡ್ ಒಬ್ಬರು. 2005ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಅವರು ಮಾಡಿದ ಭಾಷಣದ ಶೀರ್ಷಿಕೆಯೇ ‘ವಿಷುಯಲ್ ಸ್ಟುಡಿಯೋ ಬುದ್ಧಿಯನ್ನು ಕೊಳೆಸುತ್ತದೆಯೇ?’ ಎಂದು. ವಿಂಡೋಸ್‌ಗೆ ಪ್ರೋಗ್ರಾಂ ಬರೆಯುವುದನ್ನು ಪುಸ್ತಕದ ಮೂಲಕ ಒಂದು ಪೀಳಿಗೆಗೆ ಕಲಿಸಿದವರು ಅವರು. ಇದು ಹೊರಗಿನವರ ಗೊಣಗಾಟವಲ್ಲ.

ಕೋಡ್ ಬರೆಯುವ, ಕಂಪೈಲ್ ಮಾಡುವ, ದೋಷ ಹುಡುಕುವ ಕೆಲಸಗಳನ್ನು ಒಂದೇ ಸೂರಿನಡಿ ತಂದ ತಂತ್ರಾಂಶವೇ ಐಡಿಇ. ವಿಷುಯಲ್ ಸ್ಟುಡಿಯೋ ಅಂಥದ್ದೊಂದು. ಅಲ್ಲಿ ಒಂದು ಚುಕ್ಕಿ ಒತ್ತಿದರೆ ಮುಂದೆ ಬರಬಹುದಾದ ಹೆಸರುಗಳ ಪಟ್ಟಿ ತಾನಾಗಿ ತೆರೆದುಕೊಳ್ಳುತ್ತದೆ. ಸಾವಿರಾರು ಕ್ಲಾಸುಗಳಿರುವ ಡಾಟ್‌ನೆಟ್‌ನಲ್ಲಿ ಈ ಪಟ್ಟಿ ಎಷ್ಟು ಉಪಕಾರಿ ಎಂಬುದನ್ನು ಪೆಟ್‌ಜೋಲ್ಡ್ ಒಪ್ಪುತ್ತಾರೆ. ಅವರ ತಕರಾರು ಇನ್ನೂ ಸೂಕ್ಷ್ಮವಾದದ್ದು. ಪಟ್ಟಿಯಲ್ಲಿ ಹೆಸರು ಕಾಣಬೇಕಾದರೆ ಅದು ಮೊದಲೇ ಹುಟ್ಟಿರಬೇಕು. ಆದ್ದರಿಂದ ಬರೆಯುವವನು ಚಿಕ್ಕ ಭಾಗಗಳನ್ನು ಮೊದಲು ಕಟ್ಟಿ, ಇಡೀ ರಚನೆಯನ್ನು ಆಮೇಲೆ ಯೋಚಿಸುವಂತಾಗುತ್ತದೆ. ಸಲಕರಣೆ ಇಲ್ಲಿ ಆಲೋಚನೆಯ ಕ್ರಮವನ್ನೇ ನಿರ್ಧರಿಸುತ್ತಿದೆ. ಭಾಷಣದ ನಿಜವಾದ ಒಳನೋಟ ಇದು.

ಆದರೆ ವಾದ ಇಲ್ಲಿಯೇ ಸಡಿಲವಾಗುತ್ತದೆ. ಇನ್ನೂ ಇಲ್ಲದ ಮೆಥಡ್‌ನ ಹೆಸರನ್ನು ಮೊದಲು ಬರೆದು, ಅದನ್ನು ಆಮೇಲೆ ಸೃಷ್ಟಿಸಿಕೊಳ್ಳುವ ಅನುಕೂಲ ಎಕ್ಲಿಪ್ಸ್ ಎಂಬ ಮತ್ತೊಂದು ಐಡಿಇಯಲ್ಲಿ ಆ ಹೊತ್ತಿಗಾಗಲೇ ಇತ್ತು. ಅಂದರೆ ದೋಷ ಒಂದು ಸಲಕರಣೆಯದು, ಆ ಇಡೀ ಕುಲದ್ದಲ್ಲ. ಇನ್ನೊಂದು ಮಾತು: ಕೆಟ್ಟ ಹೆಸರೊಂದನ್ನು ನೂರು ಕಡೆ ಒಮ್ಮೆಲೇ ಬದಲಿಸಲು ಐಡಿಇ ನೆರವಾಗುತ್ತದೆ. ತಿದ್ದುವ ಶ್ರಮ ಕಡಿಮೆಯಾದಾಗ ತಿದ್ದುವ ಮನಸ್ಸು ಹೆಚ್ಚುತ್ತದೆ. ಇದನ್ನು ಬುದ್ಧಿ ಕೊಳೆಯುವ ಲಕ್ಷಣ ಎನ್ನಲಾಗದು.

ಭಾಷಣದ ಕೊನೆಯಲ್ಲಿ ಪೆಟ್‌ಜೋಲ್ಡ್ ಒಂದು ಒಗಟಿನ ಉತ್ತರಕ್ಕಾಗಿ ನೋಟ್‌ಪ್ಯಾಡ್‌ನಲ್ಲಿ ಸಿ ಭಾಷೆಯ ಪುಟ್ಟ ಪ್ರೋಗ್ರಾಂ ಬರೆಯುವ ಸುಖವನ್ನು ಹೇಳುತ್ತಾರೆ. ಬರಹವಾಗಿ ಇದು ಚೆಲುವಾದ ಭಾಗ, ವಾದವಾಗಿ ದುರ್ಬಲ. ಏಕಾಂತದ ಒಗಟಿಗೂ ಹತ್ತಾರು ಜನ ವರ್ಷಗಟ್ಟಲೆ ಬರೆದ ಕೋಡಿಗೂ ಅಜಗಜಾಂತರ. ಕೆಲಸದ ಜಾಗದಲ್ಲಿ ಪ್ರೋಗ್ರಾಮರ್ ಬರೆಯುವುದಕ್ಕಿಂತ ಪರರ ಕೋಡನ್ನು ಓದುವುದೇ ಹೆಚ್ಚು. ಒಂದು ಹೆಸರು ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ಬಳಕೆಯಾಗಿದೆ ಎಂದು ತೋರಿಸುವ ಐಡಿಇ ಆಗ ಓದಿನ ಸಲಕರಣೆ. ಪಂಪನನ್ನು ಓದುವವರು ನಿಘಂಟನ್ನೂ ಪದಸೂಚಿಯನ್ನೂ ಪಕ್ಕದಲ್ಲಿಟ್ಟುಕೊಂಡರೆ ಅವರ ಬುದ್ಧಿ ಕೆಟ್ಟಿತೆಂದು ಯಾರೂ ಹೇಳುವುದಿಲ್ಲ. ಐಡಿಇಯ ಈ ಮುಖವನ್ನು ಭಾಷಣ ಗಮನಿಸುವುದೇ ಇಲ್ಲ.

ಆದರೂ ವಿದ್ಯಾರ್ಥಿಗಳು ಈ ಬರಹವನ್ನು ಇಂದು ಓದಬೇಕು. ಕಲಿಯುವವರ ಕಷ್ಟ ಬಲ್ಲವರ ಕಷ್ಟಕ್ಕಿಂತ ಬೇರೆ. ಪದ್ಯದ ಅನ್ವಯ ಮಾಡಲು ಬಾರದವನಿಗೆ ನಿಘಂಟು ಅರ್ಥ ಕೊಟ್ಟೀತು, ಪದ್ಯವನ್ನು ಕೊಡಲಾರದು. ಗುಂಡಿ ಒತ್ತಿ ಪ್ರೋಗ್ರಾಂ ಓಡಿಸುವುದನ್ನಷ್ಟೇ ಕಲಿತವರಿಗೆ ಕಂಪೈಲರ್ ಎಲ್ಲಿ ಮುಗಿಯಿತು, ಐಡಿಇ ಎಲ್ಲಿ ಶುರುವಾಯಿತು ಎಂಬ ಗೆರೆಯೇ ತಿಳಿಯದು. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದ ಮೇಲಂತೂ ಸಲಕರಣೆ ಸೂಚಿಸುವುದು ಹೆಸರನ್ನಷ್ಟೇ ಅಲ್ಲ, ಇಡೀ ಫಂಕ್ಷನ್ನನ್ನು. ಪಟ್ಟಿಯಿಂದ ಹೆಸರು ಆರಿಸುವವನಿಗೆ ತನಗೆ ಏನು ಬೇಕೆಂಬುದಾದರೂ ಗೊತ್ತಿರಬೇಕಿತ್ತು. ಈಗ ಆ ಬಯಕೆಯನ್ನೂ ಸಲಕರಣೆಯೇ ಊಹಿಸುತ್ತದೆ. ಪೆಟ್‌ಜೋಲ್ಡ್ ಕೊಟ್ಟ ಉದಾಹರಣೆಗಳು ಹಳತಾಗಿವೆ, ಪ್ರಶ್ನೆ ಮಾತ್ರ ದೊಡ್ಡದಾಗಿದೆ. ಸೂಚನೆಯನ್ನು ಒಪ್ಪುವ ಮುನ್ನ ಅದನ್ನು ತಿರಸ್ಕರಿಸುವಷ್ಟು ತಿಳಿವಳಿಕೆ ನಮ್ಮಲ್ಲಿದೆಯೇ ಎಂದು ಅದು ಕೇಳುತ್ತಿದೆ.